ಕೆ.ಜಿ.ಎಫ್ ಲೈನ್ ಮನೆ, 1965: ರಂಗಸಜ್ಜಿಕೆಗೆ ಏನಿರಬೇಕು, ಏನಿರಬಾರದು?

ಸಜ್ಜಿಕೆ_ಸುಬ್ಬು

ಎಲ್ಲರಿಗೂ ನಮಸ್ಕಾರ. ನಮ್ಮ ಹವ್ಯಾಸಿ ತಂಡದ ಹೊಸ ನಾಟಕ 1965ರಲ್ಲಿ ಕೋಲಾರ ಚಿನ್ನದ ಗಣಿ ಊರಾದ ಕೆ.ಜಿ.ಎಫ್‌ನ ಚಾಂಪಿಯನ್ ರೀಫ್ಸಿನಲ್ಲಿ, ಒಂದು ಲೈನ್ ಮನೆಯೊಳಗೆ (ಗಣಿ ಕಾರ್ಮಿಕರ ಸಾಲುಮನೆ) ನಡೆಯುತ್ತೆ. ಗಂಡ, ಹೆಂಡತಿ, ಗಂಡನ ತಾಯಿ, ಮೂರು ಮಕ್ಕಳು. ಗಣಿಯೊಳಗಿನ ದೃಶ್ಯ ಒಂದೂ ಇಲ್ಲ, ಎಲ್ಲಾ ಮನೆ ಮತ್ತು ಬೀದಿ.

ನಿರ್ದೇಶಕರು ಕೊಟ್ಟಿರೋ ಪಟ್ಟಿ ಹೀಗಿದೆ: ಮಸಿ ಮೆತ್ತಿದ ಮುಖದಲ್ಲಿ ಅಪ್ಪ ಮನೆಗೆ ಬರ್ತಾನೆ, ಹಣೆಗೆ ದೀಪ ಕಟ್ಟಿಕೊಂಡೇ. ಬಾಗಿಲ ಪಕ್ಕ ಪಂಜರದಲ್ಲಿ ಒಂದು ಹಳದಿ ಹಕ್ಕಿ. ಬೀದಿ ಕೊನೆಯಲ್ಲಿ "ಭಾರತ್ ಗೋಲ್ಡ್ ಮೈನ್ಸ್" ಬೋರ್ಡು. ಮೂಲೆಯಲ್ಲಿ ಕಲ್ಲಿದ್ದಲ ಒಲೆ. ಮಕ್ಕಳು ಆಟಕ್ಕೆ ಇಟ್ಟುಕೊಂಡಿರೋ ಒಂದು ಹೊಳೆಯೋ ಕಲ್ಲು. ಹಿಂದೆ ಪರದೆ ಮೇಲೆ ಮರಳುದಿಬ್ಬ.

ನನಗೆ ಒಂದೆರಡು ಕಡೆ ಅನುಮಾನ ಇದೆ. ಗೊತ್ತಿರೋರು ತಿದ್ದಿ. ಅಳಿದುಹೋದ ಊರಿನ ಮನೆ ಕಟ್ಟಬೇಕು, ತಪ್ಪಾದ್ರೆ ನೋಡೋಕೆ ಬಂದ ಆ ಕಡೆಯವರೇ ಎದ್ದು ಹೋಗ್ತಾರೆ.

ಕಲ್ಲುಕುಟಿಗ

ಸುಬ್ಬು ಅವ್ರೇ, ಪಟ್ಟಿಯಲ್ಲಿ ಒಂದೂ ಸರಿಯಿಲ್ಲ. ಪರದೆ ಮೇಲಿನ ದಿಬ್ಬಕ್ಕೆ ಅರ್ಧ ಮಾರ್ಕು ಕೊಡಬಹುದು ಅಷ್ಟೆ.

ನಿಮ್ಮ ನಿರ್ದೇಶಕರ ತಲೆಯಲ್ಲಿರೋದು ಕಲ್ಲಿದ್ದಲ ಗಣಿ. ಕೆ.ಜಿ.ಎಫ್ ಚಿನ್ನದ ಗಣಿ, ಅದುರು (ಚಿನ್ನ ಬೆರೆತ ಕಲ್ಲು) ಇರೋದು ಬೆಣಚುಕಲ್ಲಿನ ಪದರದಲ್ಲಿ. ಬೆಣಚುಕಲ್ಲು ಕೊರೆದರೆ ಏಳೋ ಧೂಳು ಬೂದು-ಬಿಳಿ. ಕಪ್ಪು ಮಸಿ ಎಲ್ಲಿಂದ ಬರಬೇಕು? ಅಪ್ಪ ಬರಬೇಕಾದದ್ದು ಬೆವರಿನಲ್ಲಿ ಬೆಂದವನ ಹಾಗೆ. ಚಾಂಪಿಯನ್ ರೀಫ್ಸ್ ಗಣಿ 3 ಕಿಲೋಮೀಟರಿಗಿಂತ ಆಳ ಹೋಗಿದ್ದ ಗಣಿ. ತಳದಲ್ಲಿ ಬಂಡೆಯ ಶಾಖವೇ 60 ಡಿಗ್ರಿ ದಾಟ್ತಿತ್ತು. ಗಾಳಿಯನ್ನ ಯಂತ್ರದಲ್ಲಿ ತಣ್ಣಗೆ ಮಾಡಿ ಒಳಗೆ ತಳ್ತಿದ್ರು, ಆದರೂ ಸೆಕೆ ಸೆಕೆಯೇ. ಅಂಗಿ ಹಿಂಡಿದರೆ ನೀರು, ಒಣಗಿದರೆ ಬೆನ್ನ ಮೇಲೆ ಉಪ್ಪಿನ ಗೆರೆ. ಮಸಿ ಡಬ್ಬ ಬಿಸಾಕಿ, ಬಟ್ಟೆ ಮೇಲೆ ಆ ಉಪ್ಪಿನ ಗೆರೆ ಬರೆಯಿರಿ.

ಹಳದಿ ಹಕ್ಕಿಯೂ ಕಲ್ಲಿದ್ದಲದ್ದೇ. ಗಣಿಯಲ್ಲಿ ಬೆಂಕಿ ಬಿದ್ದಾಗ, ಸ್ಫೋಟ ಆದಾಗ ಉಳಿಯೋ ಕಾರ್ಬನ್ ಮೊನಾಕ್ಸೈಡನ್ನ ಪತ್ತೆ ಮಾಡೋಕೆ ಬ್ರಿಟನ್ನಿನ ಗಣಿಗಳಲ್ಲಿ ಸಾಕಿದ್ದ ಹಕ್ಕಿ ಅದು. ಲೈನಿನಲ್ಲಿ ಹಕ್ಕಿ ಬೇಕೇ ಬೇಕು ಅಂದ್ರೆ ಕೋಳಿ ಬಿಡಿ.

ಬಂಗಾರಪೇಟೆ_ಪ್ಯಾಸೆಂಜರ್

ಕೋಳಿ ಬಿಡಿ ಅಂದದ್ದು ಸೂಪರ್ 😄

ಕಡತಪ್ರಿಯ

ಬೋರ್ಡಿನ ವಿಷಯ. 1965ಕ್ಕೆ "ಭಾರತ್ ಗೋಲ್ಡ್ ಮೈನ್ಸ್" ಅನ್ನೋ ಹೆಸರೇ ಹುಟ್ಟಿರಲಿಲ್ಲ. ಕ್ರಮ ಹೀಗಿದೆ: 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ಆಡಳಿತ. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನ ವಹಿಸಿಕೊಳ್ತು. 1962ರಲ್ಲಿ ಕೇಂದ್ರ ಸರ್ಕಾರಕ್ಕೆ ಹೋಯ್ತು. ಬಿ.ಜಿ.ಎಂ.ಎಲ್ (ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್) ಕಂಪನಿ ಆದದ್ದು 1972. ಮುಚ್ಚಿದ್ದು 2001ರಲ್ಲಿ. ಆದ್ದರಿಂದ ನಿಮ್ಮ ಬೋರ್ಡಿನಲ್ಲಿ ಬರೀ "ಕೋಲಾರ್ ಗೋಲ್ಡ್ ಮೈನಿಂಗ್" ಅಂತ ಶುರುವಾಗೋ ಏನಾದರೂ ಇರಲಿ, ಇಲ್ಲಾ ಗಣಿಯ ಹೆಸರು ಮಾತ್ರ ಬರೆಸಿ.

ಹಾಗೇ ರಾಜ್ಯದ ಹೆಸರು. 1973ರ ನವೆಂಬರ್ 1ರ ತನಕ ಮೈಸೂರು ರಾಜ್ಯ. ಪಾತ್ರ ಯಾರಾದ್ರೂ "ಕರ್ನಾಟಕ ಸರ್ಕಾರ" ಅಂದರೆ ಮುಂದಿನ ಸಾಲಿನವರು ನಗ್ತಾರೆ.

ದಿಬ್ಬದಾಚೆ

"ಅಳಿದುಹೋದ ಊರು" ಅಂದ್ರಲ್ಲ, ಅದಕ್ಕೆ ನನ್ನ ತಕರಾರು. 2011ರ ಜನಗಣತಿಯಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಇರೋ ಊರು ಹೇಗೆ ಅಳಿಯುತ್ತೆ? ಬೆಳಗಿನ ರೈಲು ನೋಡಿದ್ದೀರಾ? ಮಾರಿಕುಪ್ಪಂನಲ್ಲೇ ಸೀಟು ತುಂಬಿರುತ್ತೆ. ಬೆಂಗಳೂರಿಗೆ ದಿನಾ ಕೆಲಸಕ್ಕೆ ಹೋಗಿ ಬರೋ ಊರು ಅದು. ಸತ್ತಿರೋದು ಗಣಿ, ಊರಲ್ಲ.

ಕಡತಪ್ರಿಯ

ಊರು ಇದೆ, ಒಪ್ಪಿದೆ. ಗಣಿ ಕೊಟ್ಟಿದ್ದ ಊರಿನ ವ್ಯವಸ್ಥೆ ಇಲ್ಲ. ಮನೆ, ನೀರು, ದೀಪ, ಆಸ್ಪತ್ರೆ, ಶಾಲೆ, ಕ್ಲಬ್ಬು ಎಲ್ಲಾ ಒಬ್ಬನೇ ಧಣಿಯ ಕೈಯಲ್ಲಿ ನಡೆದ ಊರು ಅದು. ಶಾಫ್ಟು (ಗಣಿಗಿಳಿಯೋ ಬಾವಿ) ನಿಂತ ದಿನ ಅದೆಲ್ಲಾ ಒಟ್ಟಿಗೆ ನಿಂತಿತು. ನಾಟಕ ಆ ಅರ್ಥದಲ್ಲಿ ಹೇಳ್ತಿರಬಹುದು.

ದಿಬ್ಬದಾಚೆ

ಹಾಗಾದ್ರೆ ಪೋಸ್ಟರಿನಲ್ಲಿ ಹಾಗೇ ಬರೀಲಿ. "ಅಳಿದ ಊರು" ಅಂತ ಪ್ರಚಾರ ಮಾಡಿ ಅದೇ ಊರಿನವರಿಗೆ ಟಿಕೆಟ್ ಮಾರೋದು ಚೆನ್ನಾಗಿರಲ್ಲ.

ತಟ್ಟಿಮನೆ

ಸಜ್ಜಿಕೆಗೆ ಬರೋಣ. ಲೈನ್ ಮನೆ ಅಂದ್ರೆ ಉದ್ದ ಸಾಲು, ಒಂದೇ ಗೋಡೆ ಎರಡು ಮನೆಗೆ. ಮೊದಮೊದಲು ಬಿದಿರು ತಟ್ಟಿಯ ಗುಡಿಸಲುಗಳು, ಆಮೇಲೆ ಗೋಡೆ ಕಟ್ಟಿದ ಸಾಲುಮನೆಗಳು ಬಂದವು. ಒಂದು ಕೋಣೆ, ಸುಮಾರು ಹತ್ತಡಿಗೆ ಹತ್ತಡಿ, ಮುಂದೆ ಒಂದಿಷ್ಟು ಜಗುಲಿ. ರಂಗದ ಮೇಲೆ ನೀವು ಇಪ್ಪತ್ತಡಿ ಕೋಣೆ ಕಟ್ಟಿದ್ರೆ ಅಲ್ಲೇ ಸೋತಿರಿ. ನೆಲಕ್ಕೆ ಟೇಪು ಹಚ್ಚಿ ನಿಜವಾದ ಹತ್ತಡಿ ಚೌಕ ಗುರುತು ಮಾಡಿ, ಆರು ಜನರನ್ನೂ ಅದರೊಳಗೆ ಮಲಗಿಸಿ ನೋಡಿ. ನಟರು ತಾವೇ ಕಲೀತಾರೆ: ಒಬ್ಬರು ಎದ್ದರೆ ಇನ್ನಿಬ್ಬರು ಕಾಲು ಮಡಚಬೇಕು.

ಜಾಗ ಸಾಲದೆ ಜನ ಮಾಡ್ಕೊಂಡ ಉಪಾಯ ಜಗುಲಿ ಮುಚ್ಚೋದು. ಬಿದಿರು ತಟ್ಟಿ, ಗೋಣಿ, ಡಬ್ಬ ಬಿಚ್ಚಿದ ತಗಡು, ಏನು ಸಿಕ್ಕರೆ ಅದು. ಅಜ್ಜಿಯ ಜಾಗ ಅಲ್ಲಿ. ಮನೆ ಒಳಗೆ ಮಂಚ ಬೇಡ. ಹಗ್ಗದ ಮೇಲೆ ಬಟ್ಟೆ, ಗೋಡೆಗೆ ಒಂದು ಹಲಗೆ, ಹಲಗೆ ಮೇಲೆ ಪಾತ್ರೆ, ಮೂಲೆಯಲ್ಲಿ ಸುತ್ತಿಟ್ಟ ಚಾಪೆ, ಒಂದು ಟ್ರಂಕು. ಟ್ರಂಕೇ ಕುರ್ಚಿ, ಟ್ರಂಕೇ ಬೀರು.

ಕಕ್ಕಸು ಮನೆಯೊಳಗಿಲ್ಲ, ಸಾಲಿಗೆ ಸೇರಿ ಹೊರಗೆ. ರಾತ್ರಿ ಹೆಣ್ಣುಮಕ್ಕಳು ಒಬ್ಬರೇ ಹೋಗಲ್ಲ, ಜೊತೆಗೊಬ್ಬರನ್ನ ಎಬ್ಬಿಸ್ತಾರೆ. ನಿಮ್ಮ ನಾಟಕದಲ್ಲಿ ಎರಡು ಹೆಂಗಸರು ಗುಟ್ಟು ಮಾತಾಡೋಕೆ ದೃಶ್ಯ ಬೇಕಿದ್ರೆ ಅದೇ ಜಾಗ.

ಪಾಲಾರ್_ಪಲ್ಲವಿ

ನೀರು ಮರೀಬೇಡಿ. ಆ ಊರಿಗೆ ನೀರು ಬೇತಮಂಗಲದ ಕೆರೆಯಿಂದ, ಪಾಲಾರ್ ನದಿಗೆ ಕಟ್ಟಿದ ಕೆರೆ. ಲೈನಿಗೆ ಬೀದಿ ನಲ್ಲಿ. ಕೊಡಗಳನ್ನ ಸಾಲಾಗಿ ಇಟ್ಟು ಹೋಗೋದು ಕ್ರಮ. ಕೊಡ ನಿಂತಿದ್ರೆ ಆ ಮನೆಯವರು ನಿಂತ ಹಾಗೆ. ಯಾರಾದ್ರೂ ಕೊಡ ಸರಿಸಿದ್ರೋ, ಜಗಳ ಶುರು. ರಂಗದ ಮೇಲೆ ಹನ್ನೆರಡು ಕೊಡ ಸಾಲಾಗಿ ಇಟ್ಟು ಬಿಟ್ಟರೆ ಬೀದಿ ತಾನಾಗೇ ಹುಟ್ಟುತ್ತೆ, ಗೋಡೆಯೇ ಬೇಡ. ಪ್ಲಾಸ್ಟಿಕ್ ಕೊಡ ಮಾತ್ರ ಕಣ್ಣಿಗೆ ಬೀಳಬಾರದು. ಮಣ್ಣು, ಹಿತ್ತಾಳೆ, ಸತು ಬಳಿದ ಕಬ್ಬಿಣದ ಬಕೆಟ್ಟು.

ಧನ್‌ಬಾದ್_ದೇಸಾಯಿ

ಕಲ್ಲಿದ್ದಲ ಒಲೆ ಕೆ.ಜಿ.ಎಫ್‌ನಲ್ಲಿ ಇರಲ್ಲ ಅನ್ನೋದು ಸರಿ. ಆದ್ರೆ ಕಲ್ಲಿದ್ದಲ ಊರಿನ ಮನೆ ಹೇಗಿರುತ್ತೆ ಅಂತ ಸುಬ್ಬು ಅವರಿಗೂ ಗೊತ್ತಿರಲಿ, ಆಗ ಎರಡೂ ಬೆರಕೆ ಆಗಲ್ಲ.

ಝರಿಯಾ, ರಾಣಿಗಂಜ್ ಕಡೆ ಹಸಿ ಕಲ್ಲಿದ್ದಲು ನೇರ ಒಲೆಗೆ ಹಾಕೋದಿಲ್ಲ. ಹೊಗೆ ತಡೆಯೋಕಾಗಲ್ಲ, ಪಾತ್ರೆ ಡಾಂಬರು ಬಳಿದ ಹಾಗಾಗುತ್ತೆ. ಮೊದಲು ಸುಡಬೇಕು. ಬಯಲಲ್ಲಿ ನಡುವೆ ಒಂದಿಷ್ಟು ಸೌದೆ ಇಟ್ಟು, ಸುತ್ತ ಮುಷ್ಟಿ ಗಾತ್ರದ ಕಲ್ಲಿದ್ದಲನ್ನ ಮಂಡಿಯೆತ್ತರಕ್ಕೆ ಗುಡ್ಡೆ ಹಾಕಿ ಬೆಂಕಿ ಕೊಡೋದು. ಹತ್ತಿಕೊಂಡ ಮೇಲೆ ಪುಡಿ ಮತ್ತು ಬೂದಿಯಿಂದ ಮೇಲೆ ಮುಚ್ಚಬೇಕು, ಗಾಳಿ ಕಮ್ಮಿ ಆಗಬೇಕು. ಗಂಟೆಗಟ್ಟಲೆ ದಪ್ಪ ಹಳದಿ ಹೊಗೆ. ಹೊಗೆ ತೆಳುವಾದಾಗ ನೀರು ಚೆಲ್ಲಿ ಆರಿಸಿ, ಒಡೆದು, ಒಣಗಿಸಿ ಒಲೆಗೆ ಬಳಸೋದು. ಬೇಗ ಆರಿಸಿದ್ರೆ ಅಡುಗೆಮನೆಯಲ್ಲಿ ಮತ್ತೆ ಹೊಗೆ, ತಡ ಮಾಡಿದ್ರೆ ಕೈಗೆ ಬೂದಿ. ಅದನ್ನ ಪೋಡಾ ಅಂತಾರೆ. ಸೈಕಲ್ಲಿಗೆ ಮೂಟೆ ಮೂಟೆ ಹೇರಿ ತಳ್ಳಿಕೊಂಡು ಮಾರೋರು ಈಗಲೂ ಆ ಕಡೆ ರಸ್ತೆ ತುಂಬಾ ಕಾಣ್ತಾರೆ.

ಉಳಿದ ಪುಡಿಯನ್ನೂ ಬಿಸಾಡಲ್ಲ. ನಾಲ್ಕು ಪಾಲು ಪುಡಿಗೆ ಒಂದು ಪಾಲು ಜೇಡಿಮಣ್ಣು, ಸ್ವಲ್ಪ ಸಗಣಿ ಅಥವಾ ಗಂಜಿ, ನೀರು ಹಾಕಿ ಕಲಸಿ ಉಂಡೆ ಮಾಡಿ ಬಿಸಿಲಿಗೆ ಇಡೋದು. ಮಣ್ಣು ಜಾಸ್ತಿ ಆದ್ರೆ ಉಂಡೆ ಗಟ್ಟಿ, ಆದ್ರೆ ಹತ್ತಿಕೊಳ್ಳಲ್ಲ. ಕಮ್ಮಿ ಆದ್ರೆ ಒಲೆಯಲ್ಲಿ ಉದುರಿ ಜಾಲರಿ ಕಟ್ಟಿಕೊಳ್ಳುತ್ತೆ. ಇದು ಹೆಂಗಸರು, ಮಕ್ಕಳ ಕೆಲಸ. ಒಲೆ ಅಂದ್ರೆ ಒಳಗೆ ಮಣ್ಣು ಮೆತ್ತಿದ ಕಬ್ಬಿಣದ ಬಕೆಟ್ಟು, ಅರ್ಧದಲ್ಲಿ ಕಂಬಿ. ಹೊರಗೇ ಹತ್ತಿಸಿ, ಹೊಗೆ ನಿಂತು ಕೆಂಡ ಆದಮೇಲೆ ಒಳಗೆ ತರಬೇಕು. ಚಳಿಗಾಲದ ರಾತ್ರಿ ಬಾಗಿಲು ಕಿಟಕಿ ಮುಚ್ಚಿ ಅದನ್ನ ಒಳಗಿಟ್ಟುಕೊಂಡು ಮಲಗಿದವರು ಬೆಳಿಗ್ಗೆ ಏಳೋದಿಲ್ಲ. ಅಲ್ಲಿನ ಮಕ್ಕಳಿಗೆ ಮೊದಲು ಕಲಿಸೋ ಪಾಠ ಅದು.

ಸೌದೆಡಿಪೋ

ಪೋಡಾ ವಿವರ ಬಹಳ ಚೆನ್ನಾಗಿದೆ ದೇಸಾಯರೇ. ಹಾಗಾದ್ರೆ ಕೋಲಾರದ ಕಡೆ ಒಲೆ ಯಾವುದು ಅಂತ ನಾನು ಹೇಳ್ತೀನಿ. ಸೌದೆ ಒಲೆ, ಪಂಪು ಸ್ಟವ್, ಇನ್ನೊಂದು ಯಾರೂ ನೆನೆಸಿಕೊಳ್ಳದ ಹೊಟ್ಟಿನ ಒಲೆ. ಮರ ಕೊಯ್ಯೋ ಮಿಲ್ಲಿನ ಹೊಟ್ಟು ಅಗ್ಗ.

ಮಾಡೋ ರೀತಿ: ದೊಡ್ಡ ತಗಡಿನ ಡಬ್ಬ, ಬುಡದಲ್ಲಿ ಪಕ್ಕಕ್ಕೆ ಎರಡಂಗುಲ ತೂತು. ಡಬ್ಬದ ನಡುವೆ ಒಂದು ನುಣುಪಾದ ಬಾಟ್ಲಿ ನೆಟ್ಟಗೆ ನಿಲ್ಲಿಸಿ. ತೂತಿನಿಂದ ಒಂದು ದುಂಡನೆ ಕೋಲು ತೂರಿಸಿ ಬಾಟ್ಲಿಗೆ ತಾಗಿಸಿ. ಈಗ ಹೊಟ್ಟು ಸುರಿದು ಒನಕೆಯಲ್ಲೋ ಕೈಯಲ್ಲೋ ಪದರ ಪದರವಾಗಿ ಗಟ್ಟಿಯಾಗಿ ತುಂಬಿ. ಬಾಯಿ ತನಕ ತುಂಬಿದ ಮೇಲೆ ಬಾಟ್ಲಿಯನ್ನ ತಿರುಗಿಸ್ತಾ ಮೇಲಕ್ಕೆ ಎಳೀಬೇಕು, ಕೋಲನ್ನ ತಿರುಗಿಸ್ತಾ ಹೊರಕ್ಕೆ. ಒಳಗೆ ಎಲ್ ಆಕಾರದ ಸುರಂಗ ಉಳಿಯುತ್ತೆ. ಕೆಳಗಿನ ತೂತಿನಿಂದ ಸೀಮೆಎಣ್ಣೆ ಬಟ್ಟೆ ಹತ್ತಿಸಿ ತಳ್ಳಿದ್ರೆ ಎರಡು ಮೂರು ಗಂಟೆ ಒಂದೇ ಸಮ ಉರಿ. ನಡುವೆ ಊದೋದು ಬೇಡ, ಸೌದೆ ತುರುಕೋದು ಬೇಡ.

ಕೆಡೋದು ಎರಡು ಕಡೆ. ಹೊಟ್ಟು ಹಸಿ ಇದ್ರೆ ಬರೀ ಹೊಗೆ. ಸಡಿಲ ತುಂಬಿದ್ರೆ ಅನ್ನ ಅರ್ಧ ಬೆಂದಾಗ ಸುರಂಗ ಕುಸಿದು ಒಲೆ ಸತ್ತುಹೋಗುತ್ತೆ, ಮತ್ತೆ ಹತ್ತಿಸೋ ಹಾಗಿಲ್ಲ. ಬಾಟ್ಲಿ ನೆಟ್ಟಗೆ ಎಳೆದ್ರೆ ಬಾಯಿ ಒಡೆಯುತ್ತೆ, ತಿರುಗಿಸಲೇಬೇಕು.

ರಂಗದ ಮೇಲೆ ಇದಕ್ಕಿಂತ ಒಳ್ಳೆ ಕೆಲಸ ಸಿಗಲ್ಲ ನೋಡಿ. ಅಜ್ಜಿ ಡಬ್ಬ ಹಿಡ್ಕೋತಾಳೆ, ಸೊಸೆ ತುಂಬ್ತಾಳೆ, ಮಗು ಬಾಟ್ಲಿ ಹಿಡ್ಕೊಂಡಿರುತ್ತೆ. ಮೂರು ಪುಟ ಸಂಭಾಷಣೆ ಆರಾಮಾಗಿ ಸಾಗುತ್ತೆ. ಬೆಂಕಿ ನಿಜವಾಗಿ ಹಚ್ಚಬೇಡಿ, ಒಳಗೆ ಕಿತ್ತಳೆ ಬಲ್ಬು ಸಾಕು.

ಪಾಲಾರ್_ಪಲ್ಲವಿ

ಸೌದೆಡಿಪೋ ಅಣ್ಣ, ಈ ಒಲೆ ಆ ಕಾಲದಲ್ಲಿ ಬೆಂಗಳೂರಲ್ಲೂ ಮೈಸೂರಲ್ಲೂ ಇತ್ತು. ಕೆ.ಜಿ.ಎಫ್ ಗುರುತು ಅಂತ ಹೇಳೋಕಾಗಲ್ಲ.

ಸೌದೆಡಿಪೋ

ಗುರುತು ಅಂತ ಯಾರು ಹೇಳಿದ್ರು ತಾಯಿ? 1965ರ ಬಡವರ ಮನೆ ಅಂತ ಹೇಳಿದೆ. ಎಲ್ಲಾ ಸಾಮಾನೂ ಚಿನ್ನದ ಗಣಿ ಚಿನ್ನದ ಗಣಿ ಅಂತ ಕೂಗ್ತಾ ಇದ್ರೆ ಅದು ಮನೆ ಆಗಲ್ಲ, ವಸ್ತುಸಂಗ್ರಹಾಲಯ ಆಗುತ್ತೆ.

ಕಂದೀಲು

ಹಣೆದೀಪದ ಬಗ್ಗೆ. ಹಿಂದೆ ಮೇಣದಬತ್ತಿ, ಆಮೇಲೆ ಕಾರ್ಬೈಡ್ ದೀಪ, ಆಮೇಲೆ ಸೊಂಟಕ್ಕೆ ಬ್ಯಾಟರಿ ಕಟ್ಟೋ ಕ್ಯಾಪ್ ಲ್ಯಾಂಪು. ಕಾರ್ಬೈಡ್ ದೀಪದಲ್ಲಿ ಎರಡು ಅಂತಸ್ತು: ಮೇಲೆ ನೀರು, ಕೆಳಗೆ ಕಾರ್ಬೈಡ್ ಹರಳು. ತಿರುಪು ತಿರುಗಿಸಿದ್ರೆ ನೀರು ತೊಟ್ಟಿಕ್ಕಿ ಅಸಿಟಲೀನ್ ಅನಿಲ ಏಳುತ್ತೆ, ಸಣ್ಣ ರಂಧ್ರದಲ್ಲಿ ಉರಿಯುತ್ತೆ. ಬೆಳ್ಳುಳ್ಳಿಯಂಥ ವಾಸನೆ. ನೀರು ಜಾಸ್ತಿ ಬಿಟ್ಟರೆ ಉರಿ ಉದ್ದಕ್ಕೆ ಚಿಮ್ಮುತ್ತೆ, ರಂಧ್ರ ಕಟ್ಟಿಕೊಂಡ್ರೆ ಸಣ್ಣ ತಂತಿಯಲ್ಲಿ ಚುಚ್ಚಬೇಕು. ಕಲ್ಲಿದ್ದಲ ಗಣಿಯಲ್ಲಿ ಮೀಥೇನ್ ಇರೋದ್ರಿಂದ ತೆರೆದ ಉರಿ ಅಪಾಯ, ಅಲ್ಲಿ ಜಾಲರಿ ಮುಚ್ಚಿದ ಸುರಕ್ಷಾ ದೀಪ.

ನಿಮ್ಮ ನಾಟಕಕ್ಕೆ ಬೇಕಾದ ಮಾತು ಒಂದೇ: ಕ್ಯಾಪ್ ಲ್ಯಾಂಪು ಮನೆಗೆ ಬರಲ್ಲ. ಲ್ಯಾಂಪ್ ರೂಮಿನಲ್ಲಿ ಪಡೆದು, ಶಿಫ್ಟು ಮುಗಿದ ಮೇಲೆ ಅಲ್ಲೇ ಚಾರ್ಜಿಗೆ ಹಾಕಿ ಬರಬೇಕು. ಯಾವ ದೀಪ ವಾಪಸು ಬಂದಿಲ್ಲ ಅಂತ ನೋಡಿದ್ರೆ ಯಾರು ಮೇಲೆ ಬಂದಿಲ್ಲ ಅನ್ನೋದೂ ಗೊತ್ತಾಗುತ್ತೆ. ಅಪ್ಪ ಹಣೆದೀಪ ಹೊತ್ತುಕೊಂಡು ಮನೆಗೆ ಬಂದ ಅಂದ್ರೆ ಅಲ್ಲಿ ಹುಡುಕಾಟ ಶುರು ಆಗಿರುತ್ತೆ.

ರಾಬರ್ಟ್‌ಸನ್_ಪೇಟೆ_ರೌಂಡ್ಸ್

ಒಂದು ಪ್ರಶ್ನೆ. ಈ ಮನೆಯವರು ಯಾವ ಭಾಷೆ ಮಾತಾಡ್ತಾರೆ? ಲೈನಿನಲ್ಲಿ ಬಹುಪಾಲು ತಮಿಳು. ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಯಿಂದ ಬಂದವರೇ ಜಾಸ್ತಿ, ಅವರಲ್ಲಿ ದಲಿತರು ದೊಡ್ಡ ಸಂಖ್ಯೆ. ತೆಲುಗಿನವರೂ ಇದ್ರು. ಆರೂ ಜನ ಶುದ್ಧ ಧಾರವಾಡ ಕನ್ನಡ ಮಾತಾಡಿದ್ರೆ ನಗು ಬರುತ್ತೆ.

ಕನ್ನಡಾಭಿಮಾನಿ_45

ಕನ್ನಡ ನಾಟಕದಲ್ಲಿ ತಮಿಳು ಯಾಕೆ ತುರುಕ್ತೀರಿ? ಕೋಲಾರ ನಮ್ಮ ಜಿಲ್ಲೆ.

ರಾಬರ್ಟ್‌ಸನ್_ಪೇಟೆ_ರೌಂಡ್ಸ್

ಜಿಲ್ಲೆ ನಮ್ಮದೇ ಸಾರ್, ಗಣಿಗಿಳಿದವರು ಯಾರು ಅನ್ನೋದು ಇತಿಹಾಸ. ಮಾರಿಕುಪ್ಪಂನಲ್ಲಿ ತಮಿಳು ದಲಿತ ಚಿಂತಕ ಅಯೋತಿದಾಸ ಪಂಡಿತರ ಶಾಕ್ಯ ಬೌದ್ಧ ಸಂಘದ ಶಾಖೆ ಇತ್ತು. ಅಂಬೇಡ್ಕರ್ ಅವರ ಬೌದ್ಧ ದೀಕ್ಷೆಗೆ ಎಷ್ಟೋ ದಶಕ ಮುಂಚೆ. ಗೋಡೆಯ ಮೇಲೆ ಯಾವ ಪಟ ಇರಬೇಕು ಅನ್ನೋದಕ್ಕೂ ಇದು ಸೇರುತ್ತೆ. ಬುದ್ಧ, ಏಸು, ಮುರುಗ, ಮನೆ ನೋಡಿ ಆರಿಸಬೇಕು. ಸುಮ್ಮನೆ ಮೂರೂ ಹಾಕಿ "ಭಾವೈಕ್ಯ" ಅನ್ನಬೇಡಿ.

ಕನ್ನಡಾಭಿಮಾನಿ_45

ಪಟದ ಬಗ್ಗೆ ಮಾತಾಡ್ತಿಲ್ಲ, ಭಾಷೆ ಬಗ್ಗೆ ಮಾತಾಡ್ತಿದ್ದೀನಿ. ನೋಡೋರಿಗೆ ಅರ್ಥ ಆಗಬೇಡವಾ?

ತಟ್ಟಿಮನೆ

ಇಬ್ಬರೂ ಸ್ವಲ್ಪ ನಿಲ್ಲಿಸಿ. ಮಾಡಬಹುದಾದದ್ದು ಇಷ್ಟು: ಮನೆಮಾತು ಸರಳ ಕನ್ನಡ, ಆದ್ರೆ ಕರೆಯೋ ಪದಗಳು ಆ ಮನೆಯವು. ತಾಯಿಗೆ ಅಮ್ಮಾ, ಅಜ್ಜಿಗೆ ಪಾಟಿ ಇಲ್ಲಾ ಆಯಾ, ಅಣ್ಣನಿಗೆ ಅಣ್ಣಾ. ಮಕ್ಕಳು ಬೀದಿಯಲ್ಲಿ ಮೂರು ಭಾಷೆ ಕಲಸ್ತಾರೆ. ಅಂಗಡಿಯವನ ಹತ್ತಿರ ತೆಲುಗು ಬೆರೆತ ಕೋಲಾರದ ಕನ್ನಡ. ಶಾಲೆಯ ಮೇಷ್ಟ್ರ ಎದುರು ಪುಸ್ತಕದ ಕನ್ನಡ. ಯಾರ ಎದುರು ಯಾವ ಮಾತು ಅನ್ನೋದರಲ್ಲೇ ಅರ್ಧ ಊರು ಕಾಣುತ್ತೆ.

ಕಂಪನಮಾಪಕ

ಯಾರೂ ಏರ್‌ಬ್ಲಾಸ್ಟ್ (ಗಣಿಯಾಳದಲ್ಲಿ ಬಂಡೆ ಸಿಡಿಯೋದು) ಹೆಸರೇ ಎತ್ತಿಲ್ಲ! ಕೆ.ಜಿ.ಎಫ್ ಮನೆಗೆ ಗುರುತು ಅಂತ ಒಂದು ಇದ್ರೆ ಅದು.

ಆಳದಲ್ಲಿ ಬಂಡೆಯ ಮೇಲೆ ಅಗಾಧ ಒತ್ತಡ. ಅದುರು ತೆಗೆದು ಖಾಲಿ ಆದ ಜಾಗದ ಅಂಚಿಗೆ ಆ ಭಾರವೆಲ್ಲಾ ಬಂದು ಕೂರುತ್ತೆ. ಬೆಣಚುಕಲ್ಲು ಬಾಗೋ ಜಾತಿ ಅಲ್ಲ, ತಡೆಯೋವರೆಗೂ ತಡೆದು ಒಂದೇ ಏಟಿಗೆ ಸಿಡಿಯುತ್ತೆ. ಅದಕ್ಕೇ ಮರದ ಕಂಬ ಸಾಲದೆ ಗ್ರಾನೈಟ್ ಕಲ್ಲು ಕೆಳಗೆ ಇಳಿಸಿ ಪೇರಿಸಿ ಆಸರೆ ಕೊಡ್ತಿದ್ರು. ಯಾವ ಭಾಗ ಮೊದಲು ತೆಗೀಬೇಕು, ಯಾವುದು ಆಮೇಲೆ ಅನ್ನೋ ಕ್ರಮವೇ ಒಂದು ವಿದ್ಯೆ. ನಡುವೆ ಒಂಟಿ ಕಂಬದ ಹಾಗೆ ಬಂಡೆ ಬಿಟ್ಟರೆ ಅಲ್ಲೇ ಸಿಡಿಯೋದು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಕೆ.ಜಿ.ಎಫ್‌ನಲ್ಲೇ ಶುರುವಾದದ್ದು ಸುಮ್ಮನೆ ಅಲ್ಲ.

ಮೇಲೆ ಮನೆಯಲ್ಲಿ ಏನಾಗುತ್ತೆ? ಮುನ್ಸೂಚನೆ ಇಲ್ಲ. ಒಂದು ಗುದ್ದು, ಹಲಗೆ ಮೇಲಿನ ಪಾತ್ರೆ ಜಣಜಣ, ಮಣ್ಣು ಉದುರುತ್ತೆ, ಮುಗೀತು. ಎರಡು ಮೂರು ಕ್ಷಣ. ಬೇರೆ ಊರವರು ಭೂಕಂಪ ಅಂತ ಹೊರಗೆ ಓಡ್ತಾರೆ. ಲೈನಿನವರು ಓಡೋ ದಿಕ್ಕು ಬೇರೆ, ಶಾಫ್ಟಿನ ಕಡೆ. ಮೊದಲ ಪ್ರಶ್ನೆ "ಯಾವ ಶಾಫ್ಟು?", ಎರಡನೇದು "ಯಾರ ಶಿಫ್ಟು?". ಕಿರುಚಾಟ ಹಾಕಿಸಬೇಡಿ. ಇಬ್ಬರು ಈ ಎರಡು ಪ್ರಶ್ನೆ ಕೇಳಿ ಹೊರಟರೆ ಸಾಕು, ಸಭಾಂಗಣ ಉಸಿರು ಹಿಡಿಯುತ್ತೆ.

ತಂತ್ರ: ಹಲಗೆಯ ಹಿಂದೆ ಒಂದು ದಾರ ಕಟ್ಟಿ ಒಳಗಿಂದ ಒಮ್ಮೆ ಜಗ್ಗಿ. ಸ್ಪೀಕರ್ ವೇದಿಕೆಯ ಕೆಳಗೆ ಇಡಿ, ಪಕ್ಕದಲ್ಲಲ್ಲ. ಶಬ್ದ ಕಾಲಿಗೆ ಬರಬೇಕು.

ಕಲ್ಲುಕುಟಿಗ

ಇದಕ್ಕೆ ಒಂದು ಸೇರಿಸ್ತೀನಿ. ಗಣಿ ಮುಚ್ಚಿ ಪಂಪು ನಿಂತು ನೀರು ತುಂಬಿದ ಮೇಲೂ ಗುದ್ದು ನಿಂತಿಲ್ಲ. ನೀರಿನ ಒತ್ತಡ ಬಿರುಕುಗಳಿಗೆ ಇಳಿದು ಬಂಡೆ ಜಾರೋಕೆ ಕಾರಣ ಆಗುತ್ತೆ.

ದಿಬ್ಬದಾಚೆ

ದಿಬ್ಬಕ್ಕೆ ಅರ್ಧ ಮಾರ್ಕು ಅಂದ್ರಲ್ಲ, ಉಳಿದ ಅರ್ಧ ನಾನು ಕೊಡ್ತೀನಿ. ಅದು ಮರಳುದಿಬ್ಬ ಅಲ್ಲ, ಸೈನೈಡ್ ದಿಬ್ಬ. ಅದುರನ್ನ ಹಿಟ್ಟಿನ ಹಾಗೆ ಪುಡಿ ಮಾಡಿ, ಸೈನೈಡ್ ನೀರಲ್ಲಿ ಕಲಸಿ ಚಿನ್ನ ಕರಗಿಸಿಕೊಂಡ ಮೇಲೆ ಉಳಿದ ರಾಡಿ. ರಾಡಿಯನ್ನ ಸುರಿದು ಸುರಿದು ಒಣಗಿ ಗುಡ್ಡ ಆಗಿದೆ. ಅದಕ್ಕೇ ಆಕಾರ ಮರಳುಗಾಡಿನ ಹಾಗೆ ದುಂಡಗಿಲ್ಲ. ನೆತ್ತಿ ಚಪ್ಪಟೆ, ಬದಿ ಕಡಿದು, ಮಳೆ ನೀರು ಇಳಿದು ಸೀಳು ಸೀಳು. ಬಣ್ಣ ಬೂದು-ಹಳದಿ. ಪರದೆಗೆ ಬಣ್ಣ ಹಚ್ಚೋರಿಗೆ ಇದನ್ನ ಹೇಳಿ.

ಆಷಾಢದ ಗಾಳಿ ಎದ್ದರೆ ಅದು ಊರ ಮೇಲೆ ಬರುತ್ತೆ. ಆ ದಿನ ಬಟ್ಟೆ ಹೊರಗೆ ಒಣಹಾಕೋ ಹಾಗಿಲ್ಲ, ನೀರಿನ ಕೊಡಕ್ಕೆ ಬಟ್ಟೆ ಕಟ್ಟಬೇಕು, ಅನ್ನದ ಮೇಲೆ ತಟ್ಟೆ ಮುಚ್ಚಿಯೇ ಇರಬೇಕು. ಆದ್ರೂ ಹಲ್ಲಿನ ನಡುವೆ ಕರಕರ. ಜನ ಸೈನೈಡ್ ಅಂದ ತಕ್ಷಣ ಹೆದರ್ತಾರೆ. ಸೈನೈಡ್ ಬಿಸಿಲು ಗಾಳಿಗೆ ಬಹುಮಟ್ಟಿಗೆ ಒಡೆದು ಹೋಗುತ್ತೆ. ನಿಲ್ಲೋದು ಆ ನುಣ್ಣನೆ ಸಿಲಿಕಾ ಪುಡಿ, ಮತ್ತೆ ಮಳೆಯಲ್ಲಿ ಕೆಳಗಿಳಿಯೋ ಲೋಹದ ಅಂಶ. ಮಕ್ಕಳಿಗೆ ಆ ದಿಬ್ಬ ಜಾರುಬಂಡೆ. ತಗಡಿನ ತುಂಡೋ ಗೋಣಿಯೋ ಕೂರೋಕೆ ಸಿಕ್ಕರೆ ಸಾಕು. ದೊಡ್ಡವರು ಬೈಯ್ಯೋದು ವಿಷ ಅಂತಲ್ಲ, ಚಡ್ಡಿ ಹರೀತು ಅಂತ.

ಉಸಿರು

ಅಪ್ಪ ಕೆಮ್ಮೋ ದೃಶ್ಯ ಖಂಡಿತ ಇದ್ದೇ ಇರುತ್ತೆ ನಿಮ್ಮ ನಾಟಕದಲ್ಲಿ, ಎಲ್ಲರೂ ಹಾಕ್ತಾರೆ. ಸರಿಯಾಗಿ ಹಾಕಿ. ಸಿಲಿಕೋಸಿಸ್ (ಕಲ್ಲಿನ ಧೂಳಿಂದ ಬರೋ ಶ್ವಾಸಕೋಶದ ಕಾಯಿಲೆ) ಸಾಮಾನ್ಯವಾಗಿ ಹತ್ತು ವರ್ಷ, ಅದಕ್ಕೂ ಮೇಲೆ ಧೂಳು ಕುಡಿದ ಮೇಲೆ ತಲೆಯೆತ್ತುತ್ತೆ. 25ರ ಹುಡುಗ ರಕ್ತ ಕಾರಿ ಸಾಯಲ್ಲ. ಮೊದಲು ಕಾಣೋದು ಕೆಮ್ಮಲ್ಲ, ಏದುಸಿರು. ಏರು ಹತ್ತುವಾಗ ನಡುವೆ ನಿಲ್ಲೋದು, ನೀರಿನ ಕೊಡ ಎತ್ತಿಕೊಡೋಕೆ ನೆಪ ಹೇಳೋದು, ಒರಗಿ ಕೂತು ಮಲಗೋದು. ಅದರ ಜೊತೆಗೆ ಕ್ಷಯ ಸೇರಿಕೊಂಡರೆ ಆಗ ಕೆಮ್ಮು, ರಕ್ತ, ತೂಕ ಇಳಿಯೋದು. ಮನೆಯವರು ಎರಡನ್ನೂ ಒಂದೇ ಅಂತ ತಿಳಿದು ಲೋಟ ತಟ್ಟೆ ಬೇರೆ ಇಡ್ತಾರೆ. ಸಿಲಿಕೋಸಿಸ್ ಅಂಟುಜಾಡ್ಯ ಅಲ್ಲ, ಕ್ಷಯ ಅಂಟುತ್ತೆ. ಈ ಗೊಂದಲದಲ್ಲಿ ನಿಮಗೆ ಒಂದು ಇಡೀ ದೃಶ್ಯ ಇದೆ.

ಕೊರೆಯುವಾಗ ನೀರು ಹಾಯಿಸಿದ್ರೆ ಧೂಳು ಕೂರುತ್ತೆ. ಒಣ ಕೊರೆತವೇ ಶತ್ರು. 1965ಕ್ಕೆ ನೀರಿನ ಕೊರೆತ ಹೊಸ ಸಂಗತಿ ಏನಲ್ಲ, ಆದ್ರೆ ಮುದುಕರ ಎದೆಯಲ್ಲಿರೋದು ಹಿಂದಿನ ಕಾಲದ ಧೂಳು.

ಬಂಗಾರಪೇಟೆ_ಪ್ಯಾಸೆಂಜರ್

ಹೊಳೆಯೋ ಕಲ್ಲು? ಅದರ ಬಗ್ಗೆ ಯಾರೂ ಹೇಳಲಿಲ್ಲ.

ಕಲ್ಲುಕುಟಿಗ

ಹೊಳೆದರೆ ಅದು ಚಿನ್ನ ಅಲ್ಲ, ಬಹುತೇಕ ಪೈರೈಟು, ಚಿನ್ನದ ಹಾಗೆ ಹೊಳೆಯೋ ಬೇರೆ ಖನಿಜ. ಅಲ್ಲಿನ ಅದುರು ನೋಡೋಕೆ ನೀಲಿ-ಬೂದು ಬೆಣಚುಕಲ್ಲು, ಪದರ ಪದರ. ಬರಿಗಣ್ಣಿಗೆ ಚಿನ್ನ ಕಾಣೋದು ಅಪರೂಪ. ಕೊನೆಗಾಲಕ್ಕೆ ಟನ್ನಿಗೆ 3 ಗ್ರಾಂ ಆಸುಪಾಸು, ಅಂದ್ರೆ ಒಂದು ಗ್ರಾಂಗೆ ಮುನ್ನೂರು ಕಿಲೋಗೂ ಹೆಚ್ಚು ಕಲ್ಲು. ಮಗು ಜೇಬಿನಲ್ಲಿ ಏನು ಇಟ್ಟುಕೊಳ್ಳುತ್ತೆ?

ಜೊತೆಗೆ ಕಾವಲು ಬಿಗಿ. ಅದುರು ಹೊರಗೆ ಹೋಗದ ಹಾಗೆ ಗೇಟಿನಲ್ಲಿ ತಪಾಸಣೆ. 1930ರಲ್ಲಿ ಕಂಪನಿ ಕಾರ್ಮಿಕರ ಬೆರಳಚ್ಚು ತೆಗೆದು ನೋಂದಣಿ ಮಾಡೋಕೆ ಹೊರಟಾಗ ಇಡೀ ಗಣಿ ಮುಷ್ಕರಕ್ಕೆ ಇಳಿಯಿತು. ಕಳ್ಳರ ಹಾಗೆ ಕಾಣೋದನ್ನ ಅವರು ಸಹಿಸಲಿಲ್ಲ. ಆ ಮನೆ ಮಗು ಕೈಯಲ್ಲಿ ಹೊಳೆಯೋ ಕಲ್ಲು ಕೊಟ್ಟರೆ ನೀವು ಆ ಅಪ್ಪನ ಮೇಲೆ ಅನುಮಾನ ಬರೆದ ಹಾಗೆ. ಗೋಲಿ ಕೊಡಿ, ಬುಗುರಿ ಕೊಡಿ.

ಕಡತಪ್ರಿಯ

ಸಣ್ಣಪುಟ್ಟವು: 1957ರ ಏಪ್ರಿಲ್‌ನಿಂದ ದಶಮಾನ ನಾಣ್ಯ. 1964ಕ್ಕೆ "ನಯಾ" ಅನ್ನೋ ಮುಂಪದ ಹೋಗಿ ಬರೀ ಪೈಸೆ. ಆದ್ರೆ ಅಜ್ಜಿ ಇನ್ನೂ ಆಣೆಯಲ್ಲೇ ಎಣಿಸ್ತಾಳೆ, ನಾಲ್ಕಾಣೆ ಅಂದ್ರೆ 25 ಪೈಸೆ. ಅಂಗಡಿಯಲ್ಲಿ ಕಿಲೋ ಬಂದಿದ್ರೂ ಅಕ್ಕಿ ಅಳೆಯೋದು ಸೇರು, ಪಾವಿನಲ್ಲಿ. ರೇಡಿಯೋ ಇಟ್ಟರೆ ಅದಕ್ಕೆ ಅಂಚೆ ಕಚೇರಿಯ ಲೈಸೆನ್ಸು ಬೇಕಿತ್ತು, ಲೈನ್ ಮನೆಗೊಂದು ರೇಡಿಯೋ ಕೊಡೋ ಮುಂಚೆ ಯೋಚಿಸಿ. ಪಕ್ಕದ ಟೀ ಅಂಗಡಿಯಿಂದ ಕೇಳಿಸಲಿ.

ಕರೆಂಟು: ಶಿವನಸಮುದ್ರದಿಂದ ಗಣಿಗೆ 1902ರಲ್ಲೇ ವಿದ್ಯುತ್ ಬಂತು, ಬೆಂಗಳೂರಿಗೆ ಬಂದದ್ದು 1905. ಇದನ್ನ ಕೇಳಿ ಎಲ್ಲರೂ ಲೈನ್ ಮನೆ ತುಂಬಾ ಬಲ್ಬು ನೇತುಹಾಕ್ತಾರೆ. ಆ ಕರೆಂಟು ಬಂದದ್ದು ಗಣಿಯ ಯಂತ್ರಕ್ಕೆ. ಒಂದು ಮಂಕು ಬಲ್ಬು ಸಾಕು, ಪಕ್ಕದಲ್ಲಿ ಸೀಮೆಎಣ್ಣೆ ಬುಡ್ಡಿ ಸಿದ್ಧ ಇರಲಿ.

ನಕ್ಷತ್ರಿಕ

ವಿಷಯ ಬಿಟ್ಟು ಒಂದು ಮಾತು. ಇದೇ 1965ರಲ್ಲಿ, ಇದೇ ಚಾಂಪಿಯನ್ ರೀಫ್ಸಿನಲ್ಲಿ, 2 ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ವಾತಾವರಣದ ನ್ಯೂಟ್ರಿನೋ (ಬಂಡೆಯನ್ನೂ ತೂರಿ ಹೋಗೋ ಅತಿ ಸೂಕ್ಷ್ಮ ಕಣ) ಪತ್ತೆ ಆಯ್ತು. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿ.ಐ.ಎಫ್.ಆರ್), ಜಪಾನಿನ ಒಸಾಕಾ, ಬ್ರಿಟನ್ನಿನ ಡರ್ಹಂ ಒಟ್ಟಿಗೆ ಮಾಡಿದ ಪ್ರಯೋಗ. ಮೇಲಿನ ಬಂಡೆ ಬೇರೆ ಕಣಗಳನ್ನೆಲ್ಲಾ ತಡೆಯೋದ್ರಿಂದ ಅಷ್ಟು ಆಳ ಬೇಕಿತ್ತು. ನಾಟಕದಲ್ಲಿ ಒಬ್ಬ ವಿಜ್ಞಾನಿ ಬರಬಾರದಾ?

ತಟ್ಟಿಮನೆ

ಬರಬಾರದು. ಹತ್ತಡಿ ಕೋಣೆಯಲ್ಲಿ ಈಗಾಗಲೇ ಆರು ಜನ ಇದ್ದಾರೆ.

ಧನ್‌ಬಾದ್_ದೇಸಾಯಿ

😂 ಹಟ್ಟಿ ಚಿನ್ನದ ಗಣಿಯವರು ಯಾರಾದ್ರೂ ಈ ಚರ್ಚೆಯಲ್ಲಿ ಇದ್ದೀರಾ? ಅಲ್ಲಿ ಗಣಿ ಇನ್ನೂ ನಡೀತಿದೆ, ಕಾಲೋನಿ ಇದೆ. ಸುಬ್ಬು ಅವರ ತಂಡ ಒಮ್ಮೆ ರಾಯಚೂರು ಕಡೆ ಹೋಗಿ ಶಿಫ್ಟು ಬಿಡೋ ಹೊತ್ತು ನಿಂತು ನೋಡಿದ್ರೆ ಅರ್ಧ ಕೆಲಸ ಮುಗೀತು.

ಸಜ್ಜಿಕೆ_ಸುಬ್ಬು

ಎಲ್ಲರಿಗೂ ಕೈ ಮುಗಿದೆ. ಹಕ್ಕಿ, ಮಸಿ, ಬೋರ್ಡು, ಹಣೆದೀಪ, ಹೊಳೆಯೋ ಕಲ್ಲು ಎಲ್ಲಾ ಔಟ್. ಕೊಡ, ಹೊಟ್ಟಿನ ಒಲೆ, ಟ್ರಂಕು ಇನ್. ಎರಡು ಉಳಿದಿವೆ. ಒಂದು, ಧೂಳನ್ನ ರಂಗದ ಮೇಲೆ ಹೇಗೆ ತೋರಿಸೋದು? ಟಾಲ್ಕಮ್ ಪೌಡರ್ ಹಾರಿಸೋಣ ಅಂತಿದ್ದಾರೆ. ಎರಡು, ಶಾಫ್ಟಿನ ಗಂಟೆ ದೂರದಿಂದ ಕೇಳಿಸಬೇಕು, ಎಷ್ಟು ಸಲ ಬಾರಿಸೋದು?

ಉಸಿರು

ಪೌಡರ್ ದಯವಿಟ್ಟು ಬೇಡ. ನೆಲ ಜಾರುತ್ತೆ, ಮುಂದಿನ ಸಾಲು ಕೆಮ್ಮುತ್ತೆ. ಮೈದಾ, ಜೋಳದ ಹಿಟ್ಟು ಅಂತೂ ಬಿಸಿ ದೀಪದ ಹತ್ತಿರ ಹಾರಿಸಲೇಬಾರದು, ಬೆಂಕಿ ಹತ್ತಿಕೊಳ್ಳುತ್ತೆ. ಮುಲ್ತಾನಿ ಮಿಟ್ಟಿ ನೀರಲ್ಲಿ ತೆಳ್ಳಗೆ ಕದಡಿ ಬಟ್ಟೆ, ಪಾತ್ರೆ, ಬಾಗಿಲ ಮೇಲೆ ಬ್ರಷ್ಷಿನಲ್ಲಿ ಬಳಿದು ಒಣಗಿಸಿ. ಹೆಚ್ಚಾದದ್ದನ್ನ ಮೊದಲೇ ಕೊಡವಿಬಿಡಿ. ಧೂಳು ಹಾರೋದನ್ನ ತೋರಿಸಬೇಡಿ, ಕೂತಿರೋದನ್ನ ತೋರಿಸಿ. ಸೊಸೆ ಹಲಗೆ ಮೇಲೆ ಬೆರಳಾಡಿಸಿದಾಗ ಗೆರೆ ಬಿದ್ದರೆ ಕೊನೇ ಸಾಲಿಗೂ ಗೊತ್ತಾಗುತ್ತೆ.

ಕಂದೀಲು

ಗಂಟೆ: ನಿಂತಿರೋ ಕೇಜನ್ನ (ಜನ ಹತ್ತಿಳಿಯೋ ತೊಟ್ಟಿಲು) ಮೇಲಕ್ಕೆ ಎಳೆಯೋಕೆ ಒಂದು. ಚಲಿಸ್ತಿರುವಾಗ ಒಂದು ಹೊಡೆದರೆ ನಿಲ್ಲಿಸು ಅಂತ. ಕೆಳಗಿಳಿಸೋಕೆ ಎರಡು. ಜನ ಹತ್ತಿದ್ದಾರೆ ಅನ್ನೋಕೆ ಮೂರು. ಶಿಫ್ಟು ಮೇಲೆ ಬರೋ ಹೊತ್ತಾದ್ರೆ ಮೂರು, ಸ್ವಲ್ಪ ಬಿಟ್ಟು ಒಂದು. ಇನ್ನೊಂದು ವಿಷಯ, ಗಂಟೆ ಕೇಳಿದ ತಕ್ಷಣ ಅಪ್ಪನನ್ನ ಬಾಗಿಲಿಗೆ ತರಬೇಡಿ. ಅಷ್ಟು ಆಳದಿಂದ ಒಂದೇ ಕೇಜಿನಲ್ಲಿ ಮೇಲೆ ಬರೋಕಾಗಲ್ಲ, ನಡುವೆ ಇಳಿದು ಬೇರೆ ಶಾಫ್ಟಿಗೆ ನಡೆದು ಹತ್ತಬೇಕು. ಮೇಲೆ ಬಂದ ಮೇಲೆ ದೀಪ ಒಪ್ಪಿಸಬೇಕು, ತಪಾಸಣೆ ಇರುತ್ತೆ.

ಪಾಲಾರ್_ಪಲ್ಲವಿ

ಮತ್ತೆ ಆ ಸಾಲಿನಲ್ಲಿ ಒಂದು ಕೊಡಕ್ಕಾದ್ರೂ ಡಾಂಬರು ಮೆತ್ತಿ ತೇಪೆ ಹಾಕಿರಿ. ಹನ್ನೆರಡೂ ಹೊಸದಾಗಿ ಫಳಫಳ ಅಂತಿದ್ರೆ ಮದುವೆ ಮನೆ ಥರ ಕಾಣುತ್ತೆ.

ದಿಬ್ಬದಾಚೆ

ಪೋಸ್ಟರಿನ ವಿಷಯಕ್ಕೆ ಇನ್ನೂ ಉತ್ತರ ಬಂದಿಲ್ಲ ಸುಬ್ಬು ಅವ್ರೇ. "ಅಳಿದ ಊರು" ತೆಗೀತೀರೋ ಇಲ್ವೋ?

ಸಜ್ಜಿಕೆ_ಸುಬ್ಬು

ಪ್ರಿಂಟಿಗೆ ಹೋಗಿಲ್ಲ ಇನ್ನೂ, ತೆಗೆಸ್ತೀನಿ. ನಾಳೆ ರಿಹರ್ಸಲಿಗೆ ಹೊಟ್ಟು ಬೇಕು, ಮಿಲ್ಲು ಎಲ್ಲಿದೆ ಅಂತ ಯಾರಾದ್ರೂ ಹೇಳಿ.

ಸೌದೆಡಿಪೋ

ನೀವು ಯಾವ ಏರಿಯಾ ಅಂತ ಹೇಳಿ ಮೊದಲು. ಪ್ಲೈವುಡ್ ಕೊಯ್ಯೋ ಕಡೆ ಹೋಗಬೇಡಿ, ಆ ಹೊಟ್ಟಲ್ಲಿ ಅಂಟು ಬೆರೆತಿರುತ್ತೆ. ಗಟ್ಟಿಮರ ಕೊಯ್ಯೋ ಮಿಲ್ಲಿನದ್ದೇ ಬೇಕು. ಗೋಣಿಚೀಲ ನೀವೇ ತಗೊಂಡು ಹೋಗಿ.